ಅಂಗಳದಲ್ಲಿ ನಿಂತು ಓದಿದವಳು

ಕಳೆದ ವರ್ಷ ನನ್ನ ಗೆಳತಿಯನ್ನು ಬೆಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಬೇಕಾಯಿತು. ಬಸ್ಸಿಳಿಯುವಾಗ ಬಿದ್ದು ಮುಂಗೈ ಮೂಳೆ ಮುರಿದಿತ್ತು. ಅವಳನ್ನು ಎಕ್ಸ್‌ರೇಗೆ ಒಳಗೆ ಕರೆದೊಯ್ದರು. ಕೌಂಟರಿನಲ್ಲಿದ್ದ ಹುಡುಗಿ ನನ್ನ ಕೈಗೆ ಒಂದು ಫಾರಂ ಕೊಟ್ಟಳು. ಪೂರ್ತಿ ಹೆಸರು, ತಂದೆ ಅಥವಾ ಗಂಡನ ಹೆಸರು, ವಯಸ್ಸು, ವಿಳಾಸ. ನನಗೆ ಗೊತ್ತಿದ್ದದ್ದು ಕರೆಯುವ ಹೆಸರು, ಫೋನ್ ನಂಬರು, ಕೊಳ್ಳೇಗಾಲದ ಕಡೆ ಹೈಸ್ಕೂಲ್ ಟೀಚರ್ ಅನ್ನುವುದು, ಅಷ್ಟೇ. ಇನಿಷಿಯಲ್ ಏನಂತಲೂ ಗೊತ್ತಿರಲಿಲ್ಲ. "ನಿಮಗೇನಾಗಬೇಕು ಇವರು?" ಅಂತ ಆ ಹುಡುಗಿ ಕೇಳಿದಳು. ಫ್ರೆಂಡು ಅಂದೆ. ಅವಳು ನನ್ನ ಮುಖ ನೋಡಿ, ಫಾರಂ ವಾಪಸ್ ತೆಗೆದುಕೊಂಡು, "ಅವರು ಬಂದ ಮೇಲೆ ಬರೆಸ್ತೀನಿ ಬಿಡಿ ಮೇಡಂ" ಅಂದಳು.

ಆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಇವಳ ಬಗ್ಗೆ ನನಗೆ ಗೊತ್ತಿರುವುದೇನು? ಕಥೆಯಲ್ಲಿ ಮಗು ಸತ್ತರೆ ಅವಳು ಆ ಪುಸ್ತಕವನ್ನು ಕೆಲವು ವಾರ ಮುಟ್ಟುವುದಿಲ್ಲ. ತಾಯಿಯನ್ನು ದೇವರ ಮಟ್ಟಕ್ಕೆ ಏರಿಸುವ ಕಥೆಗಳು ಅವಳಿಗೆ ಸೇರುವುದಿಲ್ಲ. ನದಿಯ ವರ್ಣನೆ ಬಂದರೆ ಗಟ್ಟಿಯಾಗಿ ಓದುತ್ತಾಳೆ. ಯಾವ ಪಾತ್ರವನ್ನು ಕ್ಷಮಿಸುತ್ತಾಳೆ, ಯಾವುದನ್ನು ಕ್ಷಮಿಸುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು. ಫಾರಮ್ಮಿನಲ್ಲಿ ಇದಕ್ಕೆಲ್ಲ ಜಾಗ ಇರಲಿಲ್ಲ.

ನಮ್ಮ ಕಡೆ ಪರಿಚಯ ಅನ್ನುವುದು ಇದಕ್ಕೆ ಉಲ್ಟಾ ಸಾಗುತ್ತದೆ. ರೈಲಿನಲ್ಲಿ ಎದುರು ಕೂತವರು ಮೊದಲು ಯಾವೂರು ಅಂತ ಕೇಳುತ್ತಾರೆ. ಆಮೇಲೆ ಮನೆ ಎಲ್ಲಿ, ಯಾರ ಮಗಳು, ಗಂಡ ಏನು ಮಾಡುತ್ತಾರೆ. ಕೊನೆಗೆ, ದನಿ ಸ್ವಲ್ಪ ತಗ್ಗಿಸಿ, "ನೀವು ಯಾರ ಪೈಕಿ?" ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ನಮ್ಮಮ್ಮನೂ ಕೇಳುತ್ತಿದ್ದಳು. ಆದರೆ ಆ ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಮುಂದಿನ ಮಾತೆಲ್ಲ ತೀರ್ಮಾನವಾಗಿಬಿಡುತ್ತದೆ. ಎಷ್ಟು ಹತ್ತಿರ ಬರಬಹುದು, ಯಾವ ವಿಷಯ ಎತ್ತಬಾರದು, ಮನೆಗೆ ಕರೆದರೆ ಎಲ್ಲಿ ಕೂರಿಸಬೇಕು, ಎಲ್ಲ. ಓದಿನಿಂದ ಸಿಕ್ಕ ಸ್ನೇಹಗಳಲ್ಲಿ ಆ ಪ್ರಶ್ನೆ ತುಂಬಾ ತಡವಾಗಿ ಬರುತ್ತದೆ. ಬರುವ ಹೊತ್ತಿಗೆ ಮನುಷ್ಯರು ಒಬ್ಬರಿಗೊಬ್ಬರು ಅಷ್ಟಿಷ್ಟು ಗೊತ್ತಾಗಿರುತ್ತಾರೆ. ಇದೇ ವಿಷಯ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ.

ಕಾಂಪೌಂಡ್ ದಾಟಿ ಬಂದ ಸುಧಾ

ಇದನ್ನು ನಾನು ಮೊದಲು ನೋಡಿದ್ದು ಅಮ್ಮನಲ್ಲಿ. ಎಂಬತ್ತರ ದಶಕದ ಕೊನೆಯ ಭಾಗ. ತೀರ್ಥಹಳ್ಳಿ ಪೇಟೆಯಲ್ಲಿ ನಮ್ಮದೊಂದು ಬಾಡಿಗೆ ಮನೆ. ಪಕ್ಕದ ಮನೆಯವರು ಮುಸ್ಲಿಮರು, ಅಂಕಲ್ ಬಟ್ಟೆ ಹೊಲಿಯುತ್ತಿದ್ದರು. ನಮ್ಮ ಮನೆಗೆ ಸುಧಾ ಬರುತ್ತಿತ್ತು, ಅವರ ಮನೆಗೆ ತರಂಗ. ಸುಧಾ 1965ರಲ್ಲೇ ಶುರುವಾದ ಪತ್ರಿಕೆ. ಅಮ್ಮ ಮದುವೆಗೆ ಮೊದಲಿಂದ ಅದನ್ನು ಓದುತ್ತಿದ್ದಳು. ಪಕ್ಕದ ಮನೆ ಆಂಟಿ ಮನೆಯಲ್ಲಿ ಉರ್ದು ಮಾತಾಡುತ್ತಿದ್ದರು. ಓದುವುದೆಲ್ಲ ಕನ್ನಡದಲ್ಲೇ, ಯಾಕೆಂದರೆ ಅವರು ಏಳನೇ ಕ್ಲಾಸಿನವರೆಗೆ ಕಲಿತದ್ದು ಕನ್ನಡ ಶಾಲೆಯಲ್ಲಿ. ಎರಡು ಪತ್ರಿಕೆ ತರಿಸುವಷ್ಟು ದುಡ್ಡು ಎರಡೂ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಓದಿ ಮುಗಿಸಿದ ಸಂಚಿಕೆ ಕಾಂಪೌಂಡ್ ಮೇಲಿಂದ ಆಚೆ ಹೋಗುತ್ತಿತ್ತು, ಆಚೆಯದು ಈಚೆ ಬರುತ್ತಿತ್ತು. ಪತ್ರಿಕೆ ಮಾತ್ರ. ಊಟ ತಿಂಡಿ ದಾಟುತ್ತಿರಲಿಲ್ಲ. ಅಜ್ಜಿ ಇನ್ನೂ ಇದ್ದರು.

ಆ ಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಯ ಬಗ್ಗೆ ಇವತ್ತು ಯೋಚಿಸಿದರೆ ಅದೊಂದು ವಿಶೇಷ ಅನ್ನಿಸುತ್ತದೆ. ವಾರಕ್ಕೆ ಒಂದೇ ಕಂತು. ಯಾರೂ ಮುಂದೆ ಓಡುವ ಹಾಗಿಲ್ಲ. ಎಷ್ಟೇ ವೇಗವಾಗಿ ಓದುವವರಾದರೂ ಮುಂದಿನ ವಾರದವರೆಗೆ ಅಲ್ಲೇ ನಿಲ್ಲಬೇಕು. ಇಡೀ ಬೀದಿ ಒಂದೇ ಪುಟದಲ್ಲಿ ನಿಂತಿರುತ್ತಿತ್ತು. ಹಾಗೆ ನಿಂತಾಗ ಮಾತಾಡದೆ ಏನು ಮಾಡುತ್ತಾರೆ? ನಾವು ಶಾಲೆಗೆ, ಗಂಡಸರು ಕೆಲಸಕ್ಕೆ ಹೋದ ಮೇಲೆ ಅಮ್ಮ ಈಚೆ, ಆಂಟಿ ಆಚೆ, ಕಾಂಪೌಂಡಿಗೆ ಮೊಣಕೈ ಊರಿ ನಿಲ್ಲುತ್ತಿದ್ದರು. ರಜೆಯ ದಿನ ನಾನೂ ಅಲ್ಲೇ ಸುಳಿದಾಡುತ್ತಿದ್ದೆ. ಒಂದು ಮಾತು ಈಗಲೂ ನೆನಪಿದೆ. ಕಥೆಯ ಹೆಂಗಸು ಗಂಡನ ಮನೆ ಬಿಟ್ಟು ತವರಿಗೆ ಹೊರಟಿದ್ದಳು. "ಅವಳು ಹೋಗಬಾರದಿತ್ತು ಕಣ್ರೀ," ಅಂದಳು ಅಮ್ಮ. "ಹೋಗದೆ ಇನ್ನೇನ್ ಮಾಡ್ತಾಳ್ರೀ? ಇವರು ಹೊಡೀತಾ ಇರ್ಲಿ, ಅವಳು ತಿಂತಾ ಇರ್ಬೇಕಾ?" ಅಂದರು ಆಂಟಿ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದರು. ಆಮೇಲೆ ಆಂಟಿ ತಮ್ಮ ತಂಗಿಯ ವಿಷಯ ಹೇಳಿದರು. ಭದ್ರಾವತಿಗೆ ಮದುವೆ ಮಾಡಿ ಕೊಟ್ಟ ತಂಗಿ. ಅಮ್ಮ ತನ್ನ ಸೋದರತ್ತೆಯ ವಿಷಯ ಹೇಳಿದಳು. ನಮ್ಮ ಮನೆಯಲ್ಲೇ ಯಾರೂ ಬಾಯಿಬಿಟ್ಟು ಆಡದ ವಿಷಯ ಅದು. ನಾನು ಮೊದಲ ಸಲ ಕೇಳಿದ್ದು ಕಾಂಪೌಂಡಿನ ಹತ್ತಿರ.

ಕಥೆಯ ಹೆಂಗಸು ಮಧ್ಯೆ ಇರದಿದ್ದರೆ ಆ ಮಾತು ಹೊರಡುತ್ತಿತ್ತಾ? ನನಗೆ ಅನುಮಾನ. ಮನೆಯ ಗುಟ್ಟನ್ನು ಬೇರೆ ಜನದವರ ಎದುರು ಆಡಬಾರದು ಅಂತ ಇಬ್ಬರಿಗೂ ಹೇಳಿಕೊಟ್ಟಿದ್ದರು. ಆದರೆ ಕಥೆಯ ಹೆಂಗಸು ಯಾರ ಮನೆಯವಳೂ ಅಲ್ಲವಲ್ಲ! ಅವಳ ಬಗ್ಗೆ ಏನು ಬೇಕಾದರೂ ಆಡಬಹುದು. ಅವಳನ್ನು ಬೈಯುತ್ತಾ, ಅವಳಿಗಾಗಿ ಅಳುತ್ತಾ ತಮ್ಮ ಬದುಕನ್ನೇ ಹೇಳಿಕೊಳ್ಳಬಹುದು. ಒಂದು ರಂಜಾನಿಗೆ ಆಂಟಿ ಸುರ್‌ಕುಂಬಾ ಅನ್ನುವ ಶಾವಿಗೆ ಪಾಯಸ ತಂದು ಕಾಂಪೌಂಡ್ ಮೇಲಿಟ್ಟರು. ಅಮ್ಮ ಅದನ್ನು ಒಳಗೆ ತಂದು ಅಜ್ಜಿಯ ಎದುರಿಗೇ ಕುಡಿದಳು. ಅಜ್ಜಿ ಎರಡು ದಿನ ಮಾತು ಬಿಟ್ಟರು. ಒಂದು ವಾರಪತ್ರಿಕೆಯಿಂದ ಇಷ್ಟೆಲ್ಲ ಆಯಿತು ಅಂತ ನಾನು ಹೇಳುವುದಿಲ್ಲ. ಅಮ್ಮನ ಸ್ವಭಾವದಲ್ಲೇ ಒಂದು ಗಟ್ಟಿತನ ಇತ್ತು. ಆದರೆ ಆ ಗಟ್ಟಿತನಕ್ಕೆ ಒಬ್ಬ ಗೆಳತಿ ಸಿಕ್ಕಿದ್ದು ಧಾರಾವಾಹಿಯಿಂದಲೇ. ಅಮ್ಮ ತನಗಿಷ್ಟವಾದ ಧಾರಾವಾಹಿಗಳ ಹಾಳೆ ಬಿಡಿಸಿ, ದಬ್ಬಣದಲ್ಲಿ ತೂತು ಮಾಡಿ, ದಾರ ಹಾಕಿ ಹೊಲಿದಿಡುತ್ತಿದ್ದಳು. ಸೀರೆ ಡಬ್ಬದ ರಟ್ಟೇ ಅದಕ್ಕೆ ಹೊದಿಕೆ. ನಾವು ಶಿವಮೊಗ್ಗಕ್ಕೆ ಮನೆ ಬದಲಿಸುವಾಗ ಆ ಕಟ್ಟುಗಳನ್ನೆಲ್ಲ ಆಂಟಿಗೆ ಕೊಟ್ಟು ಬಂದಳು.

ಓದುವವರು, ಕೇಳುವವರು

ಒಬ್ಬರೇ ಮೂಲೆಯಲ್ಲಿ ಕೂತು ಮನಸ್ಸಿನಲ್ಲೇ ಓದಿಕೊಳ್ಳುವುದು ನಮ್ಮಲ್ಲಿ ತೀರಾ ಹಳೆಯ ಅಭ್ಯಾಸ ಏನಲ್ಲ. ಮಲೆನಾಡಿನ ಜಗಲಿಗಳಲ್ಲಿ ಮಳೆಗಾಲದ ರಾತ್ರಿ ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಒಬ್ಬರು ರಾಗವಾಗಿ ಓದುತ್ತಿದ್ದರು, ಮಿಕ್ಕವರು ಕೇಳುತ್ತಿದ್ದರು. ಹೀಗೆ ಕಾವ್ಯವನ್ನು ರಾಗವಾಗಿ ಓದುವ ಗಮಕದಲ್ಲಿ ಇಬ್ಬರು ಬೇಕು. ವಾಚನಕ್ಕೆ ಒಬ್ಬರು, ವ್ಯಾಖ್ಯಾನಕ್ಕೆ ಒಬ್ಬರು. ಶಿವಮೊಗ್ಗದ ಹತ್ತಿರ ತುಂಗೆಯ ದಡದಲ್ಲಿರುವ ಹೊಸಹಳ್ಳಿ, ಮತ್ತೂರು ಈ ಕಲೆಗೆ ಹೆಸರಾದ ಊರುಗಳು. ಹೊಸಹಳ್ಳಿಯ ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂತು. ಅವರ ವಾಚನಕ್ಕೆ ಮತ್ತೂರು ಕೃಷ್ಣಮೂರ್ತಿಗಳ ವ್ಯಾಖ್ಯಾನವನ್ನು ಕೇಳಿದವರಿಗೆ ಆ ಜೋಡಿಯ ರುಚಿ ಗೊತ್ತು. ಒಬ್ಬರು ಪದ್ಯ ಬಿಟ್ಟ ಜಾಗದಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ. ಒಂದೇ ಪದ್ಯ, ಎರಡು ದನಿ. ಒಂದು ಪುಸ್ತಕಕ್ಕೆ ಇಬ್ಬರು ಬೇಕು ಅನ್ನುವ ನನ್ನ ನಂಬಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆದರೆ ಜಗಲಿಯ ಬಗ್ಗೆ ಇನ್ನೊಂದು ಮಾತನ್ನೂ ಹೇಳಬೇಕು. ಅಲ್ಲಿ ಯಾರು ಕೂರುತ್ತಿದ್ದರು, ಯಾರು ಕೆಳಗಿನ ಅಂಗಳದಲ್ಲಿ ನಿಂತು ಕೇಳುತ್ತಿದ್ದರು, ಹೆಂಗಸರು ಯಾವ ಬಾಗಿಲ ಸಂದಿಯಿಂದ ಕೇಳುತ್ತಿದ್ದರು ಅನ್ನುವುದು ಮೊದಲೇ ಗೊತ್ತುಮಾಡಿದ ವಿಷಯ. ಕಥೆ ಎಲ್ಲರಿಗೂ ಒಂದೇ, ಕೂರುವ ಜಾಗ ಮಾತ್ರ ಬೇರೆ. ಇದರ ಬಗ್ಗೆ ನಾನು ಗಟ್ಟಿಯಾಗಿ ಯೋಚಿಸಲು ಶುರುಮಾಡಿದ್ದು ಹೆಗ್ಗೋಡಿನಲ್ಲಿ.

ಹೆಗ್ಗೋಡಿನ ಆ ಮಧ್ಯಾಹ್ನ

ಹೆಗ್ಗೋಡಿನ ರಂಗಸಂಸ್ಥೆ ನೀನಾಸಂನ ಸಂಸ್ಕೃತಿ ಶಿಬಿರಕ್ಕೆ ಹೋದವರಿಗೆ ಅಲ್ಲಿನ ದಿನಚರಿ ಹೇಳಬೇಕಾಗಿಲ್ಲ. ಅಕ್ಟೋಬರ್ ತಿಂಗಳು, ಹಗಲೆಲ್ಲ ಮಾತು, ರಾತ್ರಿ ನಾಟಕ, ಬೆಳಿಗ್ಗೆ ಎದ್ದರೆ ಹಿಂದಿನ ರಾತ್ರಿಯ ನಾಟಕದ ಬಗ್ಗೆ ಮತ್ತೆ ಮಾತು. ಬ್ಯಾಂಕಿನವರು, ಮೇಷ್ಟ್ರುಗಳು, ಕಾಲೇಜು ಹುಡುಗರು, ಅಡಿಕೆ ತೋಟದವರು ಎಲ್ಲ ಒಂದೇ ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುತ್ತಾರೆ. ಧಾರವಾಡದ ಕಡೆಯವರು ಮನೋಹರ ಗ್ರಂಥಮಾಲೆಯ ಅಟ್ಟದ ಕಥೆಗಳನ್ನು ಹೇಳುತ್ತಾರೆ. ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಪ್ರಕಾಶನ. ಆ ಅಟ್ಟದ ಮೇಲೆ ದೊಡ್ಡ ದೊಡ್ಡ ಲೇಖಕರ ಸ್ನೇಹ ಬೆಳೆಯಿತು. ಅದು ದೊಡ್ಡ ಪರಂಪರೆ, ನನಗೆ ಅದರ ಮೇಲೆ ತುಂಬಾ ಗೌರವ. ಆದರೆ ಸಂಜೆ ಏಳಕ್ಕೆ ಮನೆಗೆ ಹೋಗಿ ಅನ್ನಕ್ಕಿಡಬೇಕಾದ ಹೆಂಗಸರಿಗೆ ಅಟ್ಟಗಳು ಸಿಗುವುದು ಕಷ್ಟ. ನೀನಾಸಂ ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣನವರ ಊರಿನ ಈ ಶಿಬಿರ ನನ್ನಂಥವರಿಗೆ ಕೊಟ್ಟ ದೊಡ್ಡ ಉಡುಗೊರೆ ಅಂದರೆ ಮನೆಗೆಲಸದಿಂದ ಬಿಡುವಾದ ಕೆಲವು ದಿನಗಳು. ಬರೆಯುವವರಷ್ಟೇ ಓದುವವರಿಗೂ ಅಲ್ಲಿ ಜಾಗವಿತ್ತು.

ಆಸ್ಪತ್ರೆಗೆ ಕರೆದುಕೊಂಡು ಹೋದ ಆ ಗೆಳತಿ ನನಗೆ ಸಿಕ್ಕಿದ್ದು ಅಲ್ಲೇ. ಹೆಂಗಸರು ಮಲಗುವ ಹಾಲಿನಲ್ಲಿ ಅವಳದು ಪಕ್ಕದ ಹಾಸಿಗೆ. ನನ್ನ ಚೀಲದಿಂದ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹೊರಗೆ ಇಣುಕುತ್ತಿತ್ತು. ಅದನ್ನು ನೋಡಿ, "ಎಷ್ಟನೇ ಸಲ?" ಅಂತ ಕೇಳಿದಳು. ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ಮಾರನೆಯ ದಿನ ಊಟದ ನಂತರ ರಂಗಮಂದಿರದ ಹೊರಗೆ ಕಟ್ಟೆಯ ಮೇಲೆ ಕೂತು ಅದೇ ಕಾದಂಬರಿಯ ಮಾತು ಎತ್ತಿದೆವು. ನಾನು ತೀರ್ಥಹಳ್ಳಿಯವಳು. 1967ರಲ್ಲಿ ಬಂದ ಆ ಪುಸ್ತಕದೊಳಗಿನ ಮನೆಗಳು ನನಗೆ ನಮ್ಮ ಅಜ್ಜನ ಮನೆಯ ಹಾಗೇ. ಚೌಕಿ, ಮೆತ್ತು, ಅಡುಗೆಮನೆಯ ಹೊಗೆ, ಬಚ್ಚಲ ಒಲೆ. ಚಿನ್ನಮ್ಮ ಮದುವೆಯ ರಾತ್ರಿ ಮನೆ ಬಿಟ್ಟು ಹೋಗುವ ಭಾಗ ಓದುವಾಗ ಯಾವ ಬಾಗಿಲಿಂದ ಹೊರಟಳು ಅಂತ ನನಗೆ ಕಣ್ಣಿಗೆ ಕಟ್ಟುತ್ತದೆ. ಇದನ್ನೆಲ್ಲ ನಾನು ಬಹಳ ಖುಷಿಯಿಂದ ಹೇಳುತ್ತಾ ಹೋದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಹೇಳಿದಳು: "ಮೇಡಂ, ನೀವು ಆ ಮನೆಗಳ ಒಳಗೆಲ್ಲ ಓಡಾಡ್ಕೊಂಡು ಓದಿದ್ದೀರಿ. ನಾನು ಅಂಗಳ ದಾಟೇ ಇಲ್ಲ. ಗುತ್ತಿ ಎಲ್ಲಿ ನಿಂತ್ಕೋತಾನೋ ಅಲ್ಲೇ ನಿಂತ್ಕೊಂಡು ಓದಿದ್ದು ನಾನು. ನಮ್ಮಪ್ಪ ಗೌಡ್ರ ಮನೆ ಮುಂದೆ ಹಂಗೇ ನಿಂತ್ಕೋತಿದ್ರು."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಓದಿದ್ದನ್ನು ಹೇಳುತ್ತಿದ್ದಳು, ಅಷ್ಟೇ. ಅಪ್ಪ ಆ ಮನೆಯ ಅಂಗಳಕ್ಕೆ ಕಾಲಿಟ್ಟ ಕೂಡಲೇ ಹೆಗಲ ಮೇಲಿನ ಟವೆಲ್ ಕೈಗೆ ಬರುತ್ತಿತ್ತಂತೆ. ಆ ಟವೆಲನ್ನೇ ನೋಡುತ್ತಾ ಮಗಳು ಪಕ್ಕದಲ್ಲಿ ನಿಂತಿರುತ್ತಿದ್ದಳಂತೆ. ಜೀತದ ಗುತ್ತಿ, ಅವನ ತಿಮ್ಮಿ, ಕೊನೆಗೆ ತುಂಬಿದ ಹೊಳೆಯ ಪಾಲಾಗುವ ಅವನ ನಾಯಿ ಹುಲಿಯ, ಈ ಮೂವರೇ ಅವಳ ಮದುಮಗಳು. ಚಿನ್ನಮ್ಮ, ಮುಕುಂದಯ್ಯ ಅವಳಿಗೆ ದೂರದ ಜನ. ಗುತ್ತಿ ಕಾಡಿನಲ್ಲಿ ನಡೆಯುವಾಗ ಅವಳೂ ನಡೆಯುತ್ತಾಳೆ. ಅವನು ಅಂಗಳದಲ್ಲಿ ಕಾಯುವಾಗ ಅವಳೂ ಕಾಯುತ್ತಾಳೆ. ಇಲ್ಲಿ ಯಾರೂ ಮುಖ್ಯರಲ್ಲ, ಅಮುಖ್ಯರಲ್ಲ ಅಂತ ಕುವೆಂಪು ಆ ಪುಸ್ತಕದ ಮೊದಲಲ್ಲೇ ಹೇಳಿದ್ದು ನಮಗೆಲ್ಲ ಬಾಯಿಪಾಠ. ಅದರ ಅರ್ಥವನ್ನು ನನಗೆ ಬಿಡಿಸಿ ತೋರಿಸಿದ್ದು ಆ ಕಟ್ಟೆಯ ಮೇಲೆ ಕೂತ ಅವಳು. ನಾನು ನಮ್ಮ ಅಜ್ಜನ ಮನೆಯ ಅಂಗಳದ ವಿಷಯ ಹೇಳಿದೆ. ಕೊನೆ ಕೊಯ್ಯಲು ಬರುತ್ತಿದ್ದವರು, ರಾತ್ರಿಯೆಲ್ಲ ಅಡಿಕೆ ಸುಲಿಯುತ್ತಿದ್ದ ಹೆಂಗಸರು, ಜಗಲಿಯ ಅಂಚಿನಲ್ಲಿ ಬೇರೆಯಾಗಿ ಇಡುತ್ತಿದ್ದ ಲೋಟಗಳು. ಅವಳು ಒಂದೊಂದನ್ನೂ ಕೇಳಿ ತಿಳಿದುಕೊಂಡಳು. ಮುಂದಿನ ಗೋಷ್ಠಿಗೆ ನಾವಿಬ್ಬರೂ ಹೋಗಲೇ ಇಲ್ಲ.

ಇದೇ ಮಾತು ರೈಲಿನಲ್ಲಿ "ಯಾರ ಪೈಕಿ" ಅನ್ನುವ ಪ್ರಶ್ನೆಯಿಂದ ಶುರುವಾಗಿದ್ದರೆ? ಅವಳು ಒಂದು ಶಬ್ದದ ಉತ್ತರ ಕೊಟ್ಟು ಕಿಟಕಿಯ ಆಚೆ ನೋಡುತ್ತಿದ್ದಳು. ನಾನು ಬೇಕಿದ್ದಕ್ಕಿಂತ ಜಾಸ್ತಿ ಮರ್ಯಾದೆ ತೋರಿಸುತ್ತಿದ್ದೆ. ಇಬ್ಬರೂ ಹುಷಾರಾಗಿ ಮಾತಾಡಿ ಇಳಿದು ಹೋಗುತ್ತಿದ್ದೆವು. ಪುಸ್ತಕ ನಮ್ಮ ನಡುವಿನ ವ್ಯತ್ಯಾಸವನ್ನು ಮುಚ್ಚಿಹಾಕಲಿಲ್ಲ, ಹೊರಗೇ ತಂದಿತು. ಆದರೆ ಅದು ಬಂದದ್ದು ಇಬ್ಬರೂ ಪ್ರೀತಿಸುವ ಒಂದು ವಸ್ತುವಿನ ಮೂಲಕ. ಹಾಗಾಗಿ ಅವಳಿಗೆ ಹೇಳುವುದು ಸಲೀಸಾಯಿತು, ನನಗೆ ಕೇಳುವುದು ಸಲೀಸಾಯಿತು. ಒಂದೇ ಪುಸ್ತಕ ಇಷ್ಟವಾದವರು ಒಂದೇ ಥರದ ಜನ ಅಂತ ಹೇಳುತ್ತಾರಲ್ಲ, ನನಗೆ ಅದರಲ್ಲಿ ನಂಬಿಕೆ ಇಲ್ಲ. ನಾವಿಬ್ಬರೂ ಒಂದೇ ಥರದವರಲ್ಲ. ಅದಕ್ಕೇ ನನಗೆ ಅವಳು ಬೇಕು.

ಫೋನಿನಲ್ಲಿ ಕುಸುಮಬಾಲೆ

ದೇವನೂರ ಮಹಾದೇವ ಅವರ 'ಕುಸುಮಬಾಲೆ' 1984ರದ್ದು. ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1990ರಲ್ಲಿ. ನೂರು ಪುಟದ ಆಸುಪಾಸಿನ ಚಿಕ್ಕ ಪುಸ್ತಕ. ನಾನು ಅದನ್ನು ಎಷ್ಟೋ ಸಲ ಹಿಡಿದು ಬಿಟ್ಟಿದ್ದೆ. ನಂಜನಗೂಡು, ಚಾಮರಾಜನಗರ ಕಡೆಯ ಆಡುಮಾತು ನನ್ನ ಮಲೆನಾಡಿನ ಕಿವಿಗೆ ಹತ್ತುತ್ತಿರಲಿಲ್ಲ. 2020ರಲ್ಲಿ ಲಾಕ್‌ಡೌನ್ ಬಂತು. ಅವಳ ಶಾಲೆ ಮುಚ್ಚಿತ್ತು, ನನಗೆ ಮನೆಯಿಂದಲೇ ಕೆಲಸ. "ತಗೊಂಡು ಕೂತ್ಕೊಳೇ, ನಾನ್ ಓದ್ತೀನಿ," ಅಂದಳು ಒಂದು ರಾತ್ರಿ. ಅಷ್ಟು ಹೊತ್ತಿಗೆ ಮೇಡಂ ಹೋಗಿ ಏಕವಚನ ಬಂದಾಗಿತ್ತು.

ಅವಳು ಓದತೊಡಗಿದಳು. ನಾನು ಪುಟದ ಮೇಲೆ ಕಣ್ಣಿಟ್ಟು ಕೇಳತೊಡಗಿದೆ. ಕಣ್ಣಿಗೆ ಮುಳ್ಳಾಗಿದ್ದ ಸಾಲುಗಳು ಕಿವಿಗೆ ಹಾಡಾದವು. ಎಲ್ಲಿ ಉಸಿರು ಬಿಡಬೇಕು, ಎಲ್ಲಿ ನಗು ಇದೆ, ಎಲ್ಲಿ ಬೈಗುಳ ನಿಜವಾಗಿ ಅಕ್ಕರೆ ಅನ್ನುವುದು ಅವಳ ದನಿಯಲ್ಲೇ ಇತ್ತು. ದೀಪದ ಜೋತಮ್ಮಗಳು ರಾತ್ರಿ ಒಟ್ಟಿಗೆ ಸೇರಿ ಮಾತಾಡುವ ಭಾಗ ಬಂದಾಗ ಅವಳು ಓದುವುದನ್ನು ನಿಲ್ಲಿಸಿ, ತನ್ನ ಅಜ್ಜಿ ದೀಪ ಆರಿಸುವಾಗ ಏನು ಹೇಳುತ್ತಿದ್ದರು ಅಂತ ಹೇಳಿದಳು. ರಾತ್ರಿ ದೀಪವನ್ನು ಊದಿ ಆರಿಸಬಾರದು, ಅದಕ್ಕೆ ಬೇಜಾರಾಗುತ್ತೆ ಅನ್ನುತ್ತಿದ್ದರಂತೆ. ನಾವೊಂದು ನಿಯಮ ಮಾಡಿಕೊಂಡೆವು. ಮಾರನೆಯ ರಾತ್ರಿಯವರೆಗೆ ಇಬ್ಬರೂ ಮುಂದಿನ ಪುಟ ತಿರುವಬಾರದು. ಅಮ್ಮ ಮತ್ತು ಪಕ್ಕದ ಮನೆ ಆಂಟಿಗೆ ವಾರಪತ್ರಿಕೆ ತಾನಾಗಿ ಹಾಕಿಕೊಟ್ಟಿದ್ದ ಕಟ್ಟುಪಾಡನ್ನು ನಾವು ಬೇಕಂತಲೇ ಹಾಕಿಕೊಂಡೆವು. ಹಗಲೆಲ್ಲ ಕಥೆ ತಲೆಯಲ್ಲಿ ಸುತ್ತುತ್ತಿತ್ತು. ಎಲ್ಲಿ ನಿಂತಿದ್ದೇವೆ ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆ ಕೆಟ್ಟ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಇದನ್ನು ಎಷ್ಟು ಜೋರಾಗಿ ಬೇಕಾದರೂ ಹೇಳುತ್ತೇನೆ.

ಈಗಿನ ಹುಡುಗರಿಗೆ

2023ರ ಜನವರಿಯಿಂದ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಜನ ಚಾಪೆ ಹಾಸಿಕೊಂಡು ಮೌನವಾಗಿ ಓದುತ್ತಾರೆ. ಕಬ್ಬನ್ ರೀಡ್ಸ್ ಅಂತ ಹೆಸರು. ಬೇರೆ ಬೇರೆ ಊರಿಗೂ ಅದು ಹಬ್ಬಿದೆ. ನಾನೂ ಹೋಗಿ ಕೂತಿದ್ದೇನೆ. ಮರದ ಕೆಳಗೆ ಅಷ್ಟು ಜನ ಫೋನ್ ಬಿಟ್ಟು ಪುಸ್ತಕ ಹಿಡಿದದ್ದು ಕಂಡರೆ ಮನಸ್ಸು ತುಂಬುತ್ತದೆ. ಅಲ್ಲೊಬ್ಬ ಹುಡುಗ ನನಗೆ ಹೇಳಿದ, "ಆಂಟಿ, ಎಷ್ಟು ವಾರದಿಂದ ಬರ್ತಿದೀನಿ, ಯಾರೂ ಫ್ರೆಂಡ್ಸ್ ಆಗಿಲ್ಲ." ಹಾಸನದ ಹುಡುಗ, ಬೆಂಗಳೂರಿಗೆ ಹೊಸಬ. ಮೌನ ಒಳ್ಳೆಯದೇ. ಆದರೆ ಆಮೇಲೆ ಯಾರಾದರೂ ಬಾಯಿ ಬಿಡಬೇಕಲ್ಲ! ನಾನು ಅವನಿಗೆ ಹೇಳಿದ್ದು ಇಷ್ಟು. ನಿಮಗೆ ಯಾವ ಪುಸ್ತಕ ಇಷ್ಟ ಅಂತ ಕೇಳಬೇಡ. ಆ ಪ್ರಶ್ನೆಗೆ ಜನ ಪರೀಕ್ಷೆಯ ಉತ್ತರ ಕೊಡುತ್ತಾರೆ. ಯಾವ ಪುಸ್ತಕ ಅರ್ಧಕ್ಕೆ ಬಿಟ್ಟಿರಿ, ಯಾಕೆ ಬಿಟ್ಟಿರಿ ಅಂತ ಕೇಳು. ಆಗ ನಿಜ ಹೊರಗೆ ಬರುತ್ತದೆ. ಬಿಟ್ಟ ಪುಸ್ತಕ ನೀನು ಓದಿದ್ದಾದರೆ, ಮುಂದೆ ಏನಿದೆ ಅಂತ ಒಂದು ಪುಟ ಓದಿ ಹೇಳು.

ಇಂಥ ಮಾತಿಗೆ ದೊಡ್ಡ ಊರೇ ಬೇಕಂತಿಲ್ಲ. ಹಳ್ಳಿಗಳ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ನನ್ನ ಗೆಳತಿ ತನ್ನ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದು ಇಬ್ಬಿಬ್ಬರಿಗೆ ಒಂದು ಪುಸ್ತಕ ಕೊಡುತ್ತಾಳೆ. ಬೇರೆ ಬೇರೆ ಬೀದಿಯ ಮಕ್ಕಳನ್ನೇ ಜೋಡಿ ಮಾಡುತ್ತಾಳೆ. ಬೇಕಂತಲೇ. ಒಬ್ಬ ಓದಬೇಕು, ಇನ್ನೊಬ್ಬ ಕೇಳಬೇಕು, ಪುಟಕ್ಕೊಮ್ಮೆ ಬದಲಾಗಬೇಕು. ಮೈಸೂರಿನ ರಾಜೀವನಗರದಲ್ಲಿ ಸೈಯದ್ ಇಸಾಕ್ ಅನ್ನುವ ಕೂಲಿ ಕಾರ್ಮಿಕರು ಕಟ್ಟಿದ ಕನ್ನಡ ಗ್ರಂಥಾಲಯ 2021ರ ಏಪ್ರಿಲ್‌ನಲ್ಲಿ ಬೆಂಕಿಗೆ ಸಿಕ್ಕಿ ಸಾವಿರಾರು ಪುಸ್ತಕ ಸುಟ್ಟುಹೋದಾಗ, ಅವರನ್ನು ಕಂಡೇ ಇರದ ಜನ ನೆರವಿಗೆ ನಿಂತರು. ತಾನು ಶಾಲೆ ಕಲಿಯಲಾಗದಿದ್ದರೂ ಊರಿಗೆಲ್ಲ ಓದಲು ಕೊಟ್ಟ ಮನುಷ್ಯ ಅವರು. ಆ ಸುದ್ದಿ ಬಂದ ದಿನ ಮೊದಲು ನನಗೆ ಫೋನ್ ಮಾಡಿ ಅತ್ತವಳೂ ಇವಳೇ.

ಅವಳ ಕೈ ಈಗ ಸರಿಹೋಗಿದೆ. ಸದ್ಯ ನಮ್ಮಿಬ್ಬರ ನಡುವೆ ತೇಜಸ್ವಿಯವರ 'ಕರ್ವಾಲೊ' ನಡೆಯುತ್ತಿದೆ. ಇಬ್ಬರೂ ಮೊದಲೇ ಓದಿದ್ದೇವೆ, ಈಗ ರಾತ್ರಿ ಫೋನಿನಲ್ಲಿ ಮತ್ತೊಮ್ಮೆ. ಆ ಪುಸ್ತಕಕ್ಕೆ ಮಂದಣ್ಣನ ಹೆಸರಿಡಬೇಕಿತ್ತು ಅನ್ನುವುದು ಅವಳ ವಾದ. ಹಾರುವ ಓತಿಯನ್ನು ಕಾಡಿನಲ್ಲಿ ಕಂಡವನು ಅವನು, ಹೆಸರು ಮಾತ್ರ ವಿಜ್ಞಾನಿಯದು ಯಾಕೆ ಅಂತ. ನಾನು ಒಪ್ಪುವುದಿಲ್ಲ. ಮಂದಣ್ಣನ ಬೆಲೆ ಏನು ಅಂತ ಗುರುತಿಸಿದವರು ಕರ್ವಾಲೊ, ಹಾಗೆ ಗುರುತಿಸುವ ಕಣ್ಣೇ ಆ ಕಥೆಯ ಜೀವ ಅನ್ನುತ್ತೇನೆ ನಾನು. "ಗುರುತಿಸೋಕೆ ಒಬ್ಬರು ದೊಡ್ಡವರು ಬೇಕೇ ಬೇಕಾ?" ಅಂದಳು ನಿನ್ನೆ ರಾತ್ರಿ. ಅದಕ್ಕೆ ಇನ್ನೂ ಉತ್ತರ ಕೊಟ್ಟಿಲ್ಲ. ಮೂರನೇ ಅಧ್ಯಾಯ ಮತ್ತೆ ತೆಗೆದು ಕೂತಿದ್ದೇನೆ.